ಎಲೆ ಅಡ್ಡ ಬಂದ್ರೆ ಬರಲಿ: ಆಗುಂಬೆಯಲ್ಲಿ ನಾಲ್ಕು ದಿನ, ಒಂದು ಫೋನು, ಒಂದು ಹಾವು

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಾ ಇರೋರಿಗೆ, ಪಾತ್ರೆ ತೊಳೀತಾ ಕೇಳ್ತಾ ಇರೋರಿಗೆ, ನಿದ್ದೆ ಬರ್ತಿಲ್ಲ ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದು ಫೋಟೋ ಕಥೆ ಹೇಳ್ತೀನಿ. ನಾನು ಜೀವನದಲ್ಲಿ ತೆಗೆದ ಫೋಟೋಗಳಲ್ಲಿ ಅತಿ ಹೆಚ್ಚು ಲೈಕ್ ಬಿದ್ದ ಫೋಟೋ ಅದು. ಹಸಿರು ಹಾವು, ಹಿಂದೆ ಕಪ್ಪು ಕತ್ತಲೆ, ಕಣ್ಣು ಅಂದ್ರೆ ಕಣ್ಣು, ಒಂದೊಂದು ಹುರುಪೆಯೂ ಎಣಿಸ್ಬಹುದು. ಆ ಫೋಟೋನ ನಾನು ಮೂರೇ ದಿನಕ್ಕೆ ಡಿಲೀಟ್ ಮಾಡಿದೆ. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ.

ಹೋದ ವರ್ಷ ಸೆಪ್ಟೆಂಬರ್ ಕೊನೆ. ನಾವು ಮೂರು ಜನ ಫ್ರೆಂಡ್ಸ್ ಬೆಂಗಳೂರಿಂದ ಆಗುಂಬೆಗೆ ಹೊರಟ್ವಿ. ಪ್ಲಾನ್ ಸಿಂಪಲ್. ಸೂರ್ಯಾಸ್ತ, ಜಲಪಾತ, ನೀರ್‌ದೋಸೆ, ರೀಲ್ಸ್. ಆದ್ರೆ ನಾವು ಯಾವ ಊರಿಗೆ ಹೋಗ್ತಿದ್ದೀವಿ ಅನ್ನೋದನ್ನ ಸ್ವಲ್ಪ ಮರೆತಿದ್ವಿ. ಬೆಂಗಳೂರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 1,000 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7,000 ಮಿಲಿಮೀಟರ್‌ಗೂ ಜಾಸ್ತಿ. ಸೆಪ್ಟೆಂಬರ್ ಅಂದ್ರೆ ಮಳೆಗಾಲದ ಬಾಲ ಅಂತ ನಾವು ಅಂದ್ಕೊಂಡಿದ್ವಿ. ಬಾಲವೇ ಅಷ್ಟು ದಪ್ಪ ಇತ್ತು.

ಮೊದಲ ದಿನ ಮಧ್ಯಾಹ್ನದ ತನಕ ಹೋಂಸ್ಟೇ ಜಗಲಿಯಲ್ಲಿ ಕೂತು ಮಳೆ ನೋಡಿದ್ದೇ ಆಯ್ತು. ಸೂರ್ಯಾಸ್ತ ಬಿಡಿ, ಎದುರಿಗಿರೋ ಅಡಿಕೆ ಮರವೂ ಕಾಣ್ತಿರ್ಲಿಲ್ಲ. ಹೋಂಸ್ಟೇ ನಡೆಸೋ ಅಜ್ಜ ಒಬ್ರು. ವಯಸ್ಸು ಎಪ್ಪತ್ತು ದಾಟಿದೆ, ತಲೆ ಮೇಲೆ ಹಾಳೆಟೊಪ್ಪಿ, ಮಾತು ಕಮ್ಮಿ. ನಮ್ಮ ಮುಖ ನೋಡಿ ಅವ್ರು ಹೇಳಿದ್ದು ಒಂದೇ ಮಾತು. "ದೂರದ್ದು ಕಾಣದಿದ್ರೆ ಹತ್ತಿರದ್ದು ನೋಡಿ ಮಾರಾಯ್ರೆ. ತೋಟದಲ್ಲಿ ಎಂತೆಂತದೋ ಇದೆ."

ಅಲ್ಲಿಂದ ಶುರುವಾಯ್ತು.

ಮೊದಲ ಜೇಡ

ತೋಟಕ್ಕೆ ಇಳಿದ ಐದೇ ನಿಮಿಷಕ್ಕೆ ನಾನು ಒಂದು ಬಲೆಗೆ ಮುಖ ಕೊಡೋದ್ರಲ್ಲಿದ್ದೆ. ಎರಡು ಅಡಿಕೆ ಮರದ ಮಧ್ಯೆ ನನ್ನ ತೋಳಿನಷ್ಟು ಅಗಲದ ಬಲೆ. ನಡುವೆ ತಲೆ ಕೆಳಗೆ ಮಾಡ್ಕೊಂಡು ಕೂತಿರೋ ಜೇಡ, ಕಾಲೆಲ್ಲ ಸೇರಿಸಿದ್ರೆ ನನ್ನ ಅಂಗೈಗಿಂತ ದೊಡ್ಡದು. ಇಂಗ್ಲಿಷ್‌ನಲ್ಲಿ ಇದನ್ನ ಜೈಂಟ್ ವುಡ್ ಸ್ಪೈಡರ್ ಅಂತಾರೆ, ವೈಜ್ಞಾನಿಕ ಹೆಸರು ನೆಫಿಲಾ ಪಿಲಿಪೆಸ್. ಬಿಸಿಲು ಬಿದ್ರೆ ಇದರ ಬಲೆ ಹಳದಿ ಚಿನ್ನದ ಬಣ್ಣಕ್ಕೆ ಹೊಳೆಯುತ್ತೆ. ಕ್ಯಾಮೆರಾ ಕರಾಮತ್ತಲ್ಲ, ನೂಲಿನ ಬಣ್ಣವೇ ಹಾಗೆ.

ನಾನು ಪಟಪಟ ಅಂತ ಇಪ್ಪತ್ತು ಫೋಟೋ ತೆಗೆದೆ. ರೂಮಿಗೆ ಬಂದು ಜೂಮ್ ಮಾಡಿ ನೋಡಿದ್ರೆ ಆಶ್ಚರ್ಯ. ಆ ದೊಡ್ಡ ಜೇಡದ ಪಕ್ಕದಲ್ಲೇ ಒಂದು ಪುಟಾಣಿ ಜೇಡ. ಮರಿ ಅಂದ್ಕೊಂಡೆ. ಮರಿ ಅಲ್ಲ, ಅದು ಗಂಡ! ಈ ಜಾತಿಯಲ್ಲಿ ಹೆಣ್ಣು ಅಷ್ಟು ದೊಡ್ಡದು, ಗಂಡು ಅರ್ಧ ಸೆಂಟಿಮೀಟರ್ ಆಸುಪಾಸು. ಬಲೆಯ ಅಂಚಲ್ಲಿ ಇನ್ನೂ ಸಣ್ಣ ಬೆಳ್ಳಿ ಚುಕ್ಕೆ ತರದವು ಇದ್ವು. ಅವೂ ಜೇಡಗಳೇ, ಬೇರೆ ಜಾತಿ. ಸ್ವಂತ ಬಲೆ ಕಟ್ಟೋ ತಾಪತ್ರಯ ಇಲ್ಲದೆ, ದೊಡ್ಡಮ್ಮನ ಬಲೆಯಲ್ಲಿ ಬಿದ್ದ ಚಿಕ್ಕ ಹುಳ ಕದ್ದು ತಿನ್ನೋ ಪಾರ್ಟಿಗಳು. ಒಂದು ಬಲೆಯಲ್ಲಿ ಒಂದು ಒಟ್ಟುಕುಟುಂಬದ ಸೀರಿಯಲ್ ನಡೀತಾ ಇತ್ತು.

ಅವತ್ತು ಸಂಜೆಗೆ ನನಗೆ ಹುಚ್ಚು ಹಿಡಿದಿತ್ತು.

ಇಲ್ಲಿ ಸ್ವಲ್ಪ ಟೆಕ್ನಿಕಲ್ ಮಾತು, ಯಾಕಂದ್ರೆ ನಿಮ್ಮಲ್ಲಿ ಬಹಳ ಜನರ ಹತ್ರ ಇರೋದೂ ನನ್ನ ತರ ಬರೀ ಫೋನೇ. ಪುಟ್ಟ ಜೀವಿಗಳ ಫೋಟೋಗೆ ಫೋನು ಸಾಕು, ನಿಜವಾಗ್ಲೂ. ನಾನು ಕಲಿತದ್ದು ನಾಲ್ಕೇ ವಿಷಯ. ಒಂದು, ಫೋಕಸ್ ಕಣ್ಣಿನ ಮೇಲಿರ್ಬೇಕು. ಕಾಲು ಮಸುಕಾದ್ರೂ ಪರವಾಗಿಲ್ಲ, ಕಣ್ಣು ಚೂಪಾಗಿದ್ರೆ ಫೋಟೋ ಬದುಕುತ್ತೆ. ಎರಡು, ಮೇಲಿಂದ ತೆಗೀಬೇಡಿ, ಅದರ ಎತ್ತರಕ್ಕೆ ನೀವೇ ಬಗ್ಗಿ. ಮೂರು, ಫೋನಿನ ಫ್ಲ್ಯಾಶ್ ನೇರ ಹೊಡೆದ್ರೆ ಜೇಡದ ಮೈ ಸ್ಟೀಲ್ ಲೋಟದ ತರ ಮಿಂಚುತ್ತೆ. ಫ್ರೆಂಡ್ ಕೈಲಿ ಒಂದು ಟಾರ್ಚ್ ಕೊಡಿ, ಅದರ ಬಾಯಿಗೆ ಟಿಶ್ಯೂ ಪೇಪರ್ ಕಟ್ಟಿ, ಪಕ್ಕದಿಂದ ಬೆಳಕು ಬೀಳಲಿ. ನಾಲ್ಕು, ಗಾಳಿ ಇದ್ರೆ ಒಂದರ ಹಿಂದೆ ಒಂದು ಹತ್ತು ಫೋಟೋ ಹೊಡೀರಿ. ಒಂಬತ್ತು ಕೆಟ್ಟಿರುತ್ತೆ.

ಐದನೇದೂ ಒಂದಿದೆ. ಅದನ್ನ ಕಲಿಯೋಕೆ ನನಗೆ ಇನ್ನೂ ಎರಡು ದಿನ ಬೇಕಾಯ್ತು.

ಕರ್ವಾಲೊ ಓದಿದ್ದೀರಾ?

ಎರಡನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಳೆ ನಿಂತು ಬಿಸಿಲು ಬಂತು. ಅಜ್ಜ ಬಂದು ನಮ್ಮ ಬಾಗಿಲು ಬಡಿದ್ರು. "ಬನ್ನಿ ಬನ್ನಿ, ಓತಿ ಹಾರ್ತಾ ಇದೆ."

ಓತಿ ಹಾರುತ್ತಾ? ನಿಮ್ಮಲ್ಲಿ ಕೆಲವರಿಗೆ ಈಗಾಗ್ಲೇ ಗೊತ್ತಾಗಿರುತ್ತೆ. ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಬರೆದ 'ಕರ್ವಾಲೊ' ಕಾದಂಬರಿಯಲ್ಲಿ ಒಂದಿಷ್ಟು ಜನ ಕಾಡಿಗೆ ನುಗ್ಗೋದು ಇದೇ ಹಾರುವ ಓತಿಯನ್ನ ಹುಡುಕ್ಕೊಂಡು. ಸ್ಕೂಲಲ್ಲಿ ಓದಿದಾಗ ನಾನು ಅದನ್ನ ಪೂರ್ತಿ ಕಲ್ಪನೆಯ ಪ್ರಾಣಿ ಅಂದ್ಕೊಂಡಿದ್ದೆ. ಡ್ರ್ಯಾಗನ್ ತರ. ಅದು ನಮ್ಮ ಅಡಿಕೆ ತೋಟದಲ್ಲಿ ಇರೋ ಪ್ರಾಣಿ ಅಂತ ಗೊತ್ತಾಗೋಕೆ ನನಗೆ ಇಪ್ಪತ್ತಾರು ವರ್ಷ ಬೇಕಾಯ್ತು.

ಅದು ಮರಕ್ಕೆ ಅಂಟಿ ಕೂತಿತ್ತು. ಅಜ್ಜ ಬೆರಳು ತೋರಿಸ್ತಾರೆ, ನಮಗೆ ಮರ ಮಾತ್ರ ಕಾಣುತ್ತೆ. ತೊಗಟೆ ಬಣ್ಣ, ತೊಗಟೆ ಗೆರೆ. ಎರಡು ನಿಮಿಷ ಆದ್ಮೇಲೆ ತೊಗಟೆಯ ಒಂದು ಚೂರು ಗಂಟಲಿಂದ ಹಳದಿ ಬಾವುಟ ತೆಗೆದು ಬೀಸಿತು! ಗಂಡು ಓತಿ ಗಂಟಲ ಚರ್ಮವನ್ನ ಹಾಗೆ ಬಿಚ್ಚಿ ಮಡಚಿ ಸಿಗ್ನಲ್ ಕೊಡುತ್ತೆ. ಆಮೇಲೆ ಒಂದು ಇರುವೆ ನೆಕ್ಕಿತು, ಸರಸರ ಮೇಲೆ ಹತ್ತಿತು, ಜಿಗೀತು.

ಅದು ಹಕ್ಕಿ ತರ ಹಾರೋದಲ್ಲ. ಪಕ್ಕೆಲುಬುಗಳೇ ಉದ್ದಕ್ಕೆ ಬೆಳೆದಿರುತ್ವೆ, ಅವಕ್ಕೆ ಚರ್ಮದ ಪೊರೆ. ಛತ್ರಿ ಕಡ್ಡಿ ಬಿಚ್ಚಿದ ಹಾಗೆ ಬಿಚ್ಚಿ, ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತೆ. ಕಾಗದದ ವಿಮಾನ ನೆನಪಿಸ್ಕೊಳ್ಳಿ. ಫೋಟೋ ಸಿಕ್ತಾ? ಇಲ್ಲ. ಹದಿನಾಲ್ಕು ಫೋಟೋದಲ್ಲಿ ಹದಿಮೂರು ಖಾಲಿ ಆಕಾಶ, ಒಂದರಲ್ಲಿ ಮೂಲೆಯಲ್ಲಿ ಒಂದು ಕಂದು ಬಣ್ಣದ ಗೆರೆ. ಆದ್ರೆ ನೋಡಿದ್ದು ಸಿಕ್ತು.

ಅವತ್ತು ಮಧ್ಯಾಹ್ನ ಇನ್ನೊಂದು ಮಜಾ ಆಯ್ತು. ಮಲೆನಾಡಿನವರಿಗೆ ಚಗಳಿ ಇರುವೆ ಗೊತ್ತಲ್ಲ, ಎಲೆ ಹೊಲಿದು ಗೂಡು ಕಟ್ಟೋ ಕೆಂಪಿರುವೆ, ಚಟ್ನಿನೂ ಮಾಡ್ತಾರೆ. ಅದರ ಫೋಟೋ ತೆಗೀತಿದ್ದೆ. ಒಂದು ಇರುವೆ ಯಾಕೋ ವಿಚಿತ್ರವಾಗಿ ನಡೀತಿತ್ತು. ಕಾಲು ಎಣಿಸಿದ್ರೆ ಎಂಟು! ಅದು ಇರುವೆ ವೇಷ ಹಾಕಿರೋ ಜೇಡ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಇದು ಮುಂದಿನ ಎರಡು ಕಾಲನ್ನ ಎತ್ತಿ ಇರುವೆಯ ಮೀಸೆ ತರ ಅಲ್ಲಾಡಿಸುತ್ತೆ. ಕಚ್ಚೋ ಇರುವೆ ತರ ಕಂಡ್ರೆ ಹಕ್ಕಿಗಳು, ಬೇರೆ ಜೇಡಗಳು ತಂಟೆಗೆ ಬರಲ್ಲ ಅನ್ನೋ ಲೆಕ್ಕ. ಆ ಫೋಟೋ ತೆಗೀವಾಗ ನನ್ನ ಕಾಲಿಗೆ ಐದು ಉಂಬಳ ಹತ್ತಿದ್ದು ಗೊತ್ತಾಗಿದ್ದು ಸಾಕ್ಸ್ ಕೆಂಪಾದ ಮೇಲೆ. ನೋವು ಇಲ್ಲ, ರಕ್ತ ಮಾತ್ರ ನಿಲ್ಲಲ್ಲ. ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪದಾರ್ಥ ಇರುತ್ತೆ. ಗಾಬರಿ ಬೇಡ, ತೊಳೆದು ಒತ್ತಿ ಹಿಡಿದ್ರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ.

ಆ ರಾತ್ರಿ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಎರಡನೇ ದಿನ ರಾತ್ರಿ ಎಂಟೂವರೆ. ಮೀಸಲು ಅರಣ್ಯದೊಳಗೆ ರಾತ್ರಿ ಅನುಮತಿ ಇಲ್ಲದೆ ಹೋಗೋ ಹಾಗಿಲ್ಲ, ಅದು ಸರಿಯೂ ಹೌದು. ನಾವು ಹೋಗಿದ್ದು ಅಜ್ಜನ ಸ್ವಂತ ತೋಟದ ಅಂಚಿಗೆ, ಅವರ ಜೊತೆಗೇ. ಟಾರ್ಚನ್ನ ಹಣೆ ಹತ್ರ ಹಿಡಿದು ನೆಲ ನೋಡಿದ್ರೆ ಹುಲ್ಲಿನಲ್ಲಿ ಚುಕ್ಕಿ ಚುಕ್ಕಿ ಬೆಳಕು. ಇಬ್ಬನಿ ಅಂದ್ಕೊಂಡೆ. ಎಲ್ಲ ಜೇಡದ ಕಣ್ಣುಗಳು! ಬೆಕ್ಕಿನ ಕಣ್ಣು ಹೊಳೆಯೋ ಹಾಗೆ ಕೆಲವು ಜೇಡದ ಕಣ್ಣೂ ಬೆಳಕು ವಾಪಸ್ ಎಸೆಯುತ್ತೆ.

ಅಜ್ಜ ನಿಂತ್ರು. ಟಾರ್ಚ್ ಒಂದು ಪೊದೆ ಕಡೆ ತಿರುಗಿಸಿದ್ರು. ನನ್ನ ಎದೆ ಎತ್ತರದ ಕೊಂಬೆ ಮೇಲೆ ಹಸಿರು ಹಗ್ಗ ಸುತ್ತಿ ಇಟ್ಟ ಹಾಗೆ ಮಲಬಾರ್ ಪಿಟ್ ವೈಪರ್. ಕನ್ನಡದಲ್ಲಿ ಗುಳಿಮಂಡಲ ಅಂತೀವಿ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಾವು. ಹಸಿರು, ಕಂದು, ಹಳದಿ ಅಂತ ಬೇರೆ ಬೇರೆ ಬಣ್ಣದಲ್ಲಿ ಬರುತ್ತೆ. ಕಣ್ಣಿಗೂ ಮೂಗಿಗೂ ಮಧ್ಯೆ ಒಂದು ಗುಳಿ, ಅದೇ ಅದರ ಹೀಟ್ ಸೆನ್ಸರ್. ಕತ್ತಲಲ್ಲೂ ಬಿಸಿ ಮೈಯಿನ ಪ್ರಾಣಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತೆ.

"ಐದು ದಿನದಿಂದ ಇಲ್ಲೇ ಇದೆ" ಅಂದ್ರು ಅಜ್ಜ. ಇದು ಬೆನ್ನಟ್ಟಿ ಬೇಟೆ ಆಡೋ ಹಾವಲ್ಲ. ಒಂದು ಒಳ್ಳೆ ಜಾಗ ಆರಿಸ್ಕೊಂಡು, ಕಪ್ಪೆನೋ ಹಲ್ಲಿನೋ ಇಲಿನೋ ಬರೋ ತನಕ ದಿನಗಟ್ಟಲೆ ಕಾಯುತ್ತೆ. ಅಷ್ಟು ಹೇಳಿ ಅವರು ದನದ ಕೊಟ್ಟಿಗೆ ಕಡೆ ಏನೋ ಸದ್ದಾಯ್ತು ಅಂತ ಹೋದ್ರು. "ಅದ್ರ ಪಾಡಿಗೆ ಅದು ಇರ್ಲಿ, ನೀವು ಇಲ್ಲೇ ನಿಂತು ನೋಡಿ" ಅಂದ್ರು.

ನಾನು ಅಲ್ಲೇ ನಿಲ್ಲಲಿಲ್ಲ.

ಅಲ್ಲಿಂದ ತೆಗೆದ ಫೋಟೋದಲ್ಲಿ ಒಂದು ಎಲೆ ಅಡ್ಡ ಬರ್ತಿತ್ತು. ಅಗಲವಾದ ಎಲೆ, ಹಾವಿನ ಅರ್ಧ ಮುಖ ಮುಚ್ತಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಆಮೇಲೆ ಇನ್ನೊಂದು. ಕೈ ಚಾಚಿ ಆ ಎಲೆ ಕಿತ್ತೆ. ಪಕ್ಕದಲ್ಲಿದ್ದ ಸಣ್ಣ ರೆಂಬೆಯೂ ಅಡ್ಡ ಅನ್ನಿಸ್ತು, ಮುರಿದೆ. ಕೊಂಬೆ ಅಲ್ಲಾಡಿತು. ಹಾವು ಕುತ್ತಿಗೆಯನ್ನ ಇಂಗ್ಲಿಷ್ ಎಸ್ ಅಕ್ಷರದ ತರ ಹಿಂದಕ್ಕೆ ಮಡಚ್ಕೊಂಡು ನನ್ನ ಕಡೆ ತಿರುಗಿತು. ಆ ಪೋಸ್ ನೋಡಿ ನನಗೆ ಖುಷಿಯಾಯ್ತು, ನೋಡಿ ಎಂಥ ಮೂರ್ಖ ನಾನು. ಅದು ಪೋಸ್ ಅಲ್ಲ. ಎರಗೋಕೆ ರೆಡಿಯಾದ ಹಾವು. ನಾನು ಫೋಟೋ ಹೊಡೀತಾನೇ ಇದ್ದೆ, ಹೆಚ್ಚುಕಮ್ಮಿ ಹತ್ತು ನಿಮಿಷ, ಫ್ಲ್ಯಾಶ್ ಸಮೇತ.

ಹಿಂದಿಂದ ಅಜ್ಜನ ದನಿ ಬಂತು. ಕೂಗಲಿಲ್ಲ, ಮೆಲ್ಲಗೆ ಹೇಳಿದ್ರು. "ನಿನ್ನ ಎಡಗೈ ಎಲ್ಲಿದೆ ನೋಡು."

ನೋಡಿದೆ. ಬ್ಯಾಲೆನ್ಸ್‌ಗೆ ಅಂತ ನಾನು ಎಡಗೈಯಲ್ಲಿ ಹಿಡ್ಕೊಂಡಿದ್ದು ಅದೇ ಗಿಡದ ಕೊಂಬೆ. ಹಾವಿನ ತಲೆಯಿಂದ ಒಂದು ಅಡಿ ದೂರ. ಅಷ್ಟೂ ಹೊತ್ತು ನಾನು ನೋಡ್ತಾ ಇದ್ದಿದ್ದು ಹಾವನ್ನಲ್ಲ, ಸ್ಕ್ರೀನನ್ನ. ಸ್ಕ್ರೀನಿನಲ್ಲಿ ದೂರ ಅನ್ನೋದು ಗೊತ್ತಾಗಲ್ಲ.

ನಿಧಾನಕ್ಕೆ ಕೈ ಬಿಟ್ಟೆ. ಹಿಂದೆ ಬಂದೆ. ಹಾವು ಕಚ್ಚಲಿಲ್ಲ. ಅದು ಅದರ ಸಹನೆ, ನನ್ನ ಬುದ್ಧಿವಂತಿಕೆ ಅಲ್ಲ.

ರೂಮಿಗೆ ಬಂದ ಮೇಲೆ ಗೂಗಲ್ ಮಾಡಿ ಕೈ ತಣ್ಣಗಾಯ್ತು. ನಮ್ಮ ದೇಶದಲ್ಲಿ ಆಸ್ಪತ್ರೆಗಳಲ್ಲಿ ಕೊಡೋ ಹಾವಿನ ವಿಷದ ಔಷಧ ತಯಾರಾಗೋದು ನಾಲ್ಕು ಹಾವುಗಳ ವಿಷಕ್ಕೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಗುಳಿಮಂಡಲ ಆ ಪಟ್ಟಿಯಲ್ಲಿ ಇಲ್ಲ. ಇದು ಕಚ್ಚಿದ್ರೆ ಸಾಯೋದು ಅಪರೂಪ, ಆದ್ರೆ ನೋವು, ಊತ ಜೋರು. ಒಂದ್ವೇಳೆ ಯಾವ ಹಾವು ಕಚ್ಚಿದ್ರೂ ನೆನಪಿಟ್ಕೊಳ್ಳಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ದಾರ ಕಟ್ಟಬೇಡಿ. ಉಂಗುರ, ವಾಚು ತೆಗೀರಿ, ಕಚ್ಚಿದ ಕೈಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಹಾವನ್ನ ಹಿಡಿದು ತೋರಿಸೋ ಸಾಹಸ ಬೇಡ.

ಇಷ್ಟೆಲ್ಲ ಓದಿದ ಮೇಲೆ ನಾನು ಏನು ಮಾಡಿದೆ ಹೇಳಿ? ಫೋಟೋ ಎಡಿಟ್ ಮಾಡಿ ಇನ್‌ಸ್ಟಾದಲ್ಲಿ ಹಾಕಿದೆ. ಹೋಂಸ್ಟೇ ಲೊಕೇಶನ್ ಟ್ಯಾಗ್ ಮಾಡಿದೆ. ಪಾಪ ಅಜ್ಜನಿಗೆ ಪಬ್ಲಿಸಿಟಿ ಸಿಗಲಿ ಅಂತ. ಅದೂ ಸುಳ್ಳಲ್ಲ. ಆದ್ರೆ ಪೂರ್ತಿ ನಿಜವೂ ಅಲ್ಲ.

ಮೂರನೇ ದಿನ

ಬೆಳಿಗ್ಗೆ ಎದ್ದಾಗ ನೋಟಿಫಿಕೇಶನ್ ಸುರಿಮಳೆ. ಹೊರಗಿನ ಮಳೆಗಿಂತ ಜೋರು. ನಾನು ಫೋನ್ ಹಿಡ್ಕೊಂಡು ತೋಟಕ್ಕೆ ಓಡಿದೆ, ಹಗಲು ಬೆಳಕಲ್ಲಿ ಇನ್ನೊಂದು ತೆಗೆಯೋಣ ಅಂತ. ಹಾವು ಅಲ್ಲೇ ಇತ್ತು, ಆದ್ರೆ ಸ್ವಲ್ಪ ಒಳಗೆ ಸರಿದಿತ್ತು. ಬಹುಶಃ ನಾನು ಕಿತ್ತ ಎಲೆಯ ಜಾಗದಲ್ಲಿ ಅದಕ್ಕೆ ಮರೆ ಇರ್ಲಿಲ್ಲ.

ಸಂಜೆ ಏಳಕ್ಕೆ ಎರಡು ಕಾರು ಬಂತು. ಏಳೆಂಟು ಹುಡುಗರು, ನಮ್ಮದೇ ವಯಸ್ಸು, ನಮ್ಮದೇ ತರದ ರೇನ್‌ಕೋಟು. ಹತ್ತಿರದ ಊರಲ್ಲೇ ತಂಗಿದ್ರಂತೆ. "ಇಲ್ಲಿ ವೈಪರ್ ಇದೆಯಂತೆ, ಇನ್‌ಸ್ಟಾದಲ್ಲಿ ನೋಡಿದ್ವಿ" ಅಂದ್ರು. ಅಜ್ಜ ಮನೇಲಿ ಇರ್ಲಿಲ್ಲ. ನಾವು ಬೇಡ ಅನ್ನೋಷ್ಟರಲ್ಲಿ ಅವರು ಟಾರ್ಚ್ ಹಾಕ್ಕೊಂಡು ತೋಟಕ್ಕೆ ಇಳಿದಾಗಿತ್ತು. ಹಾವು ಸಿಕ್ತು. ಎಲೆಯ ಮರೆಯಲ್ಲಿತ್ತು. ಒಬ್ಬ ಒಂದು ಕೋಲು ತಗೊಂಡ.

ನಾನು "ಮುಟ್ಟಬೇಡಿ" ಅಂದೆ. ಅವನು ನಕ್ಕು, ನನ್ನನ್ನ ಗುರುತು ಹಿಡಿದು, "ಬ್ರೋ, ನೀವು ಸೂಪರ್ ಕ್ಲಿಯರ್ ಆಗಿ ತೆಗೆದಿದ್ದೀರಲ್ಲ, ನಮಗೂ ಒಂದು ಬೇಕು" ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ. ನಾನು ಕೈಯಲ್ಲಿ ಮಾಡಿದ್ದನ್ನ ಅವನು ಕೋಲಲ್ಲಿ ಮಾಡೋಕೆ ಹೊರಟಿದ್ದ. ಅಷ್ಟೇ ವ್ಯತ್ಯಾಸ.

ಕೋಲಿನಿಂದ ಎತ್ತಿದ್ರು. ಹಾವು ಜಾರಿ ನೆಲಕ್ಕೆ ಬಿತ್ತು. ಒಬ್ಬ ಕಿರುಚಿದ, ಎಲ್ಲರೂ ಹಿಂದಕ್ಕೆ ಓಡಿದ್ರು, ಟಾರ್ಚ್ ಬೆಳಕು ಎಲ್ಲೆಲ್ಲೋ ಹೋಯ್ತು. ಅಷ್ಟರಲ್ಲಿ ಅಜ್ಜ ಬಂದ್ರು. ಅವರು ಆ ಹುಡುಗರಿಗೆ ಬೈಯಲಿಲ್ಲ. "ಕಾರು ಹತ್ತಿ" ಅಂದ್ರು ಅಷ್ಟೇ. ಹತ್ತಿದ್ರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು. "ಇವ್ರಿಗೆ ದಾರಿ ಹೇಳಿದ್ದು ಯಾರು?"

ನಾನೇ ಅಂದೆ.

ಅಜ್ಜ ಮಾತಾಡ್ಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗಲೂ ಎಂದಿನ ಹಾಗೇ ಇನ್ನೊಂದು ಸೌಟು ಸಾರು ಹಾಕಿದ್ರು. ಬೈದಿದ್ರೆ ಸುಲಭ ಇತ್ತು.

ನಾಲ್ಕನೇ ದಿನ ಬೆಳಿಗ್ಗೆ ಆ ಪೊದೆ ಹತ್ರ ಹೋದೆ. ಖಾಲಿ. ಸುತ್ತ ಹುಡುಕಲಿಲ್ಲ, ದೂರದಿಂದ ನೋಡಿ ಬಂದೆ. ಹೊರಡುವಾಗ ಅಜ್ಜನ ಮುಂದೆ ನಿಂತು ಆ ಪೋಸ್ಟ್ ಡಿಲೀಟ್ ಮಾಡಿ ತೋರಿಸ್ದೆ. ಅವರು ಕನ್ನಡಕ ಹಾಕ್ಕೊಂಡು ಸ್ಕ್ರೀನ್ ನೋಡಿ ಹೇಳಿದ್ರು. "ಫೋಟೋ ಚೆನ್ನಾಗಿತ್ತು. ಎಲೆ ಇದ್ದಿದ್ರೂ ಚೆನ್ನಾಗೇ ಇರ್ತಿತ್ತು."

ಐದನೇ ವಿಷಯ

ಹಾಗಾದ್ರೆ ಫೋಟೋ ತೆಗೆಯೋದೇ ತಪ್ಪಾ? ನನಗೆ ಹಾಗೆ ಅನ್ಸಲ್ಲ. ಫೋಟೋ ತೆಗೆಯೋಕೆ ಬಗ್ಗಿದ್ದಕ್ಕೇ ನನಗೆ ಆ ಗಂಡು ಜೇಡ ಕಂಡಿದ್ದು, ಎಂಟು ಕಾಲಿನ ಇರುವೆ ಸಿಕ್ಕಿದ್ದು. ಚಿಕ್ಕಂದಿನಿಂದ ಹಲ್ಲಿ ಕಂಡ್ರೂ ಕುರ್ಚಿ ಹತ್ತುತಿದ್ದವನು ನಾನು. ಈಗ ಬಾತ್‌ರೂಮ್ ಮೂಲೆಯ ಜೇಡನ ಪೊರಕೆಯಲ್ಲಿ ಬಡಿಯೋ ಬದಲು, ಅದು ಯಾವ ಜಾತಿ ಅಂತ ನೋಡ್ತೀನಿ. ಅಮ್ಮನಿಗೆ ಇದು ಇಷ್ಟ ಇಲ್ಲ, ಅದು ಬೇರೆ ವಿಷಯ.

ಕನ್ನಡಿಗರಿಗೆ ಹೆಮ್ಮೆಯ ಒಂದು ವಿಷಯವೂ ಹೇಳ್ಬೇಕು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನ ಬೇರೆಯದೇ ಪ್ರಭೇದ ಅಂತ ಗುರುತಿಸಿ ಹೆಸರಿಟ್ರು. ಹೆಸರು ಏನು ಗೊತ್ತಾ? ಓಫಿಯೋಫೇಗಸ್ ಕಾಳಿಂಗ. ನಮ್ಮ ಊರಿನವರು ಕರೆಯೋ ಹೆಸರೇ ಈಗ ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೂ ಈ ಕಾಳಿಂಗದ ಮೋಹದಿಂದಲೇ. ಜನ ಹತ್ತಿರದಿಂದ ನೋಡಿದ್ರಿಂದಲೇ ಇದೆಲ್ಲ ಆಗಿದ್ದು.

ಆದ್ರೆ ಹತ್ತಿರದಿಂದ ನೋಡೋದು ಬೇರೆ, ಹತ್ತಿರ ಹೋಗೋದು ಬೇರೆ. ಫೋನಿನ ಮ್ಯಾಕ್ರೋ ಮೋಡ್ ನಿಮ್ಮನ್ನ ಎರಡು ಮೂರು ಇಂಚಿಗೆ ಎಳೆಯುತ್ತೆ. ಕಂಬಳಿಹುಳಕ್ಕೆ ಓಕೆ. ಹಾವಿಗೆ ಬೇಡವೇ ಬೇಡ. ಈಗ ನಾನು ಹಾವು ಅಂದ್ರೆ ಎರಡು ಮೀಟರ್ ಆಚೆಯಿಂದ ಟೆಲಿ ಲೆನ್ಸಲ್ಲಿ ತೆಗೀತೀನಿ. ಮೂರು ನಾಲ್ಕು ಫೋಟೋ, ಆಮೇಲೆ ಟಾರ್ಚ್ ಆಫ್. ಕೀಟವನ್ನ ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯೋರಿದ್ದಾರೆ, ಅಂಥದ್ದಕ್ಕೆ ಲೈಕ್ ಒತ್ತೋದನ್ನ ನಿಲ್ಲಿಸಿದ್ದೀನಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿದ್ದೀನಿ, ನೀವೂ ಈಗಲೇ ನೋಡಿ, ಬಹಳ ಫೋನಲ್ಲಿ ಅದು ಆನ್ ಇರುತ್ತೆ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕೋದಾದ್ರೆ ಜಾಗವನ್ನ ಮಸುಕು ಮಾಡೋ ಆಯ್ಕೆ ಇದೆ. ಆಗ ನೋಡೋರಿಗೆ ಸುಮಾರು 20 ಕಿಲೋಮೀಟರ್ ಆಸುಪಾಸಲ್ಲಿ ಎಲ್ಲೋ ಅಂತಷ್ಟೇ ಗೊತ್ತಾಗುತ್ತೆ. ಹಾವು ಬಚಾವ್, ವಿಜ್ಞಾನಕ್ಕೂ ಮಾಹಿತಿ ಸಿಕ್ತು.

ಮತ್ತೆ ಎಲೆ. ಎಲೆ ಅಡ್ಡ ಬಂದ್ರೆ ಬರಲಿ. ಅದು ಅಡ್ಡ ಬಂದಿರೋದಲ್ಲ, ಅದು ಅವರ ಮನೆ ಗೋಡೆ.

ಈ ವರ್ಷ ಜೂನ್‌ನಲ್ಲಿ ಅಜ್ಜನಿಗೆ ಫೋನ್ ಮಾಡಿದ್ದೆ, ಮಳೆ ಹೇಗಿದೆ ಅಂತ. ಸುಮ್ಮನೆ ನೆಪ. ಕೊನೆಗೆ ಕೇಳಿಯೇಬಿಟ್ಟೆ, ಆ ಹಾವು ಮತ್ತೆ ಕಾಣಿಸ್ತಾ ಅಂತ. "ಒಂದು ಹಸಿರಿದೆ, ಕೆರೆ ಬದಿಯಲ್ಲಿ. ಅದೇನಾ ಅಂತ ನಂಗೆ ಹೇಗೆ ಗೊತ್ತು ಮಾರಾಯ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಬಾ, ದೂರದಿಂದ ತೋರಿಸ್ತೇನೆ" ಅಂದ್ರು.

ಸೆಪ್ಟೆಂಬರ್‌ಗೆ ಹೋಗ್ಬೇಕು ಅಂತಿದ್ದೀನಿ. ಟಿಶ್ಯೂ ಪೇಪರ್, ಟಾರ್ಚು, ಉಂಬಳ ಸಾಕ್ಸು ರೆಡಿ ಇದೆ.

ನೀವು ಮನೆ ಸುತ್ತಮುತ್ತ ತೆಗೆದ ಜೇಡ, ಹುಳ, ಓತಿಕ್ಯಾತದ ಫೋಟೋ ಇದ್ರೆ ನಮಗೆ ಕಳಿಸಿ. ಎಲೆ ಅಡ್ಡ ಬಂದಿರೋದಕ್ಕೆ ಮೊದಲ ಆದ್ಯತೆ! ಮುಂದಿನ ವಾರ ಸಿಗೋಣ. ನಮಸ್ಕಾರ.